ಕಳೆ ಎಂದರೆ ಕಡಲೂ ನಗುತ್ತದೆ

ಸಸ್ಯಶಾಸ್ತ್ರ ಓದಿದವರಿಗೆ ಕೆಲಸ ಎಲ್ಲಿದೆ? ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಪಿ.ಜಿ.ಗಳಲ್ಲಿರುವ ಕರಾವಳಿಯ ಗೆಳೆಯರು ಕೇಳುವ ಪ್ರಶ್ನೆಯಿದು. ಬಿ.ಎಸ್ಸಿ. ಪದವಿಯನ್ನು ಪೆಟ್ಟಿಗೆಯಲ್ಲಿಟ್ಟು ಸಿಕ್ಕ ಕೆಲಸಕ್ಕೆ ಸೇರಿದವರಲ್ಲಿ ನಾನೂ ಒಬ್ಬಳು. ಆದರೆ ನಾವು ಬಿಟ್ಟುಬಂದ ಊರಿನ ಬಂಡೆಗಳ ಮೇಲೆ ಬೆಳೆಯುವ ಕಂದು ಕಡಲಕಳೆಯನ್ನು ನೋಡಿದರೆ, ಓದು ದಂಡವಾಯಿತು ಎಂದು ನನಗೆ ಅನಿಸುವುದಿಲ್ಲ.

ಕಾರವಾರ, ಗೋಕರ್ಣ, ಭಟ್ಕಳದ ಕಡೆ ಕಲ್ಲುಬಂಡೆಯ ತೀರದಲ್ಲಿ ನೀರು ಇಳಿದಾಗ ಸರ್ಗ್ಯಾಸಮ್, ಬೀಸಣಿಗೆಯಂಥ ಪಡೈನಾ ಕಾಣಸಿಗುತ್ತವೆ. ಮರಳಿನಲ್ಲಿ ಇವು ನಿಲ್ಲಲಾರವು. ಇವಕ್ಕೆ ಬೇರಿಲ್ಲ; ಬಂಡೆಯನ್ನು ಕಚ್ಚಿ ಹಿಡಿಯುವ ಬುಡವಷ್ಟೇ ಇದೆ. ಪೋಷಕಾಂಶಗಳನ್ನು ಇಡೀ ಮೈಯೇ ನೀರಿನಿಂದ ಹೀರಿಕೊಳ್ಳುತ್ತದೆ. ಹಸಿರು ಹರಿತ್ತನ್ನು ಫ್ಯೂಕೋಕ್ಸಾಂಥಿನ್ ಎಂಬ ವರ್ಣದ್ರವ್ಯ ಮರೆಮಾಡುವುದರಿಂದ ಬಣ್ಣ ಕಂದು. ಸರ್ಗ್ಯಾಸಮ್‌ನ ಪುಟ್ಟ ಗಾಳಿಗುಳ್ಳೆಗಳು ಎಲೆಗಳನ್ನು ಬೆಳಕಿನತ್ತ ಎತ್ತಿ ಹಿಡಿಯುತ್ತವೆ. ಮಳೆಗಾಲದ ಅಲೆ ಇವನ್ನು ಕಿತ್ತೆಸೆಯುತ್ತದೆ. ಮಳೆ ನಿಂತ ಮೇಲೆ ಉಳಿದ ಬುಡ ಮತ್ತೆ ಚಿಗುರುತ್ತದೆ.

ಇದರಿಂದ ಏನು ಪ್ರಯೋಜನ? ಕಂದು ಕಡಲಕಳೆಯಿಂದ ಆಲ್ಜಿನೇಟ್ ಎಂಬ ಅಂಟು ಸಿಗುತ್ತದೆ. ಹತ್ತಿ ಬಟ್ಟೆಗೆ ಅಚ್ಚು ಹಾಕುವಾಗ ಬಣ್ಣ ಹರಡದಂತೆ ತಡೆಯಲು, ಐಸ್‌ಕ್ರೀಮ್ ಗಟ್ಟಿಯಾಗಲು, ಹಲ್ಲಿನ ವೈದ್ಯರು ದವಡೆಯ ಅಚ್ಚು ತೆಗೆಯಲು ಅದು ಬೇಕು. ಬೆಳೆಗೆ ಸಿಂಪಡಿಸುವ ದ್ರಾವಣವನ್ನೂ ಇದರಿಂದ ತಯಾರಿಸುತ್ತಾರೆ. ಅಂದರೆ ನಮ್ಮ ಸುತ್ತಲಿನ ಗಾರ್ಮೆಂಟ್ಸ್‌ಗೂ ಕಡಲ ಬಂಡೆಗೂ ನಂಟಿದೆ.

ಹಾಗೆಂದು ನಾಳೆಯೇ ಚೀಲ ಹಿಡಿದು ಕೀಳಲು ಹೋಗುವುದು ತಪ್ಪು. ಭಾರತದಲ್ಲಿ ಸಾಗುವಳಿಯಾಗುತ್ತಿರುವುದು ಹೆಚ್ಚಾಗಿ ತಮಿಳುನಾಡಿನ ರಾಮನಾಥಪುರದ ಕಡೆಯ ಕೆಂಪು ಕಡಲಕಳೆ. ಕಂದು ಬಗೆಯನ್ನು ಬಹುಪಾಲು ತಾನಾಗಿ ಬೆಳೆದ ಕಡೆಯಿಂದಲೇ ಕೊಯ್ಯುತ್ತಾರೆ. ಬುಡಸಮೇತ ಕಿತ್ತರೆ ಮರುವರ್ಷದ ಚಿಗುರೇ ಇಲ್ಲ. ಅದರ ಮರೆಯಲ್ಲಿ ಬೆಳೆಯುವ ಮರಿಮೀನು, ಸಿಗಡಿಗೂ ನೆಲೆ ತಪ್ಪುತ್ತದೆ. ಆ ನಷ್ಟ ಕೊನೆಗೆ ತಟ್ಟುವುದು ದಡದಲ್ಲೇ ಮೀನು ಹಿಡಿದು ಬದುಕುವ ಮನೆಗಳಿಗೆ.

ಯುಟ್ಯೂಬ್‌ನಲ್ಲಿ ಕ್ಯಾಲಿಫೋರ್ನಿಯಾದ ಕೆಲ್ಪ್ ಕಾಡು ನೋಡಿ ಸ್ಟಾರ್ಟ್‌ಅಪ್ ಕನಸು ಕಾಣುವವರಿಗೂ ಒಂದು ಮಾತು. ದಿನಕ್ಕೆ ಅರ್ಧ ಮೀಟರ್‌ವರೆಗೂ ಬೆಳೆಯಬಲ್ಲ ಆ ಕೆಲ್ಪ್‌ಗೆ ತಣ್ಣೀರು ಬೇಕು. ನಮ್ಮ ಬೆಚ್ಚಗಿನ ಅರಬ್ಬಿ ಕಡಲಲ್ಲಿ ಅದು ಬಾಳದು. ಚೀನಾದವರು ಹಗ್ಗಕ್ಕೆ ಸಸಿ ಕಟ್ಟಿ ಕಂದು ಕಡಲಕಳೆಯನ್ನು ಬೆಳೆಯುತ್ತಾರೆ. ನಮಗೆ ಬೇಕಾಗಿರುವುದು ನಮ್ಮ ಸರ್ಗ್ಯಾಸಮ್‌ಗೆ, ನಮ್ಮ ಮುಂಗಾರಿಗೆ ಹೊಂದುವ ವಿಧಾನ.

ಅದನ್ನು ಕಂಡುಹಿಡಿಯಬೇಕಾದವರು ಯಾರು? ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಇವುಗಳ ಜ್ಞಾನ, ಬೆಂಗಳೂರಿನ ಬಯೋಟೆಕ್ ಕಂಪನಿಗಳ ಬಂಡವಾಳ, ಕಡಲನ್ನು ಬಲ್ಲ ಮೀನುಗಾರ ಮಹಿಳೆಯರ ಅನುಭವ ಒಂದೆಡೆ ಸೇರಬೇಕು. ಮೊದಲು ಸಸಿ ಬೆಳೆಸುವ ಕೇಂದ್ರ, ಆಮೇಲೆ ಕಾರ್ಖಾನೆ. ಈ ಕ್ರಮ ತಿರುಗುಮುರುಗಾಗಬಾರದು.

ಬಂದ ಲಾಭದಲ್ಲಿ ದಡದವರಿಗೂ ಪಾಲಿರಲಿ. ಪದವಿ ಓದುತ್ತಿರುವ ಗೆಳೆಯರೇ, ಈ ಬಾರಿಯ ಪ್ರಾಜೆಕ್ಟ್‌ಗೆ ಇಂಟರ್‌ನೆಟ್‌ನಿಂದ ನಕಲು ಮಾಡುವ ಬದಲು ನಿಮ್ಮೂರ ಬಂಡೆಯ ಮೇಲೆ ಯಾವ ತಿಂಗಳು ಯಾವುದು ಬೆಳೆಯುತ್ತದೆ ಎಂದು ಬರೆದಿಡಿ. ನಾಳೆ ಉದ್ಯೋಗ ಕೊಡುವವರಿಗೂ, ಕಡಲನ್ನು ಕಾಯುವವರಿಗೂ ಬೇಕಾಗುವುದು ಅದೇ ಲೆಕ್ಕ.