ಬಣ್ಣಕ್ಕಿಂತ ಮೊದಲು ಗೋಡೆ

ಮಹಾಶಿವರಾತ್ರಿಗೆ ನಂದಿಯಲ್ಲಿ ಭೋಗನಂದೀಶ್ವರನ ಜಾತ್ರೆ. ಹಬ್ಬ, ಜಾತ್ರೆ ಹತ್ತಿರವಾದಂತೆ ಮನೆಗೆ ಸುಣ್ಣ ಬಣ್ಣ ಮಾಡಿಸುವ ಗಡಿಬಿಡಿ ಯಾವ ಊರಿಗೂ ಹೊಸದಲ್ಲ. ಆದರೆ ಹೊಳೆಯುತ್ತಿದ್ದ ಹೊಸ ಬಣ್ಣ ಒಂದು ಮಳೆಗಾಲ ಕಳೆಯುವುದರೊಳಗೆ ಗುಳ್ಳೆಯೆದ್ದು, ಹಪ್ಪಳದಂತೆ ಉದುರುವುದೂ ಉಂಟು. ಆಗ ಎಲ್ಲರೂ ಬೈಯುವುದು ಬಣ್ಣವನ್ನು. ಅನೇಕ ಬಾರಿ ತಪ್ಪು ಬಣ್ಣದ್ದಲ್ಲ. ಬಳಿಯುವ ಮುನ್ನ ಗೋಡೆಯನ್ನು ಹದ ಮಾಡದೆ ಇದ್ದುದೇ ಕಾರಣ.

ಇಟ್ಟಿಗೆ, ಗಾರೆ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಒಳಗೆಲ್ಲ ಸೂಕ್ಷ್ಮ ರಂಧ್ರಗಳೇ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಇವು ನೆಲದ ತೇವವನ್ನು ಹೀರುತ್ತವೆ. ನೀರಿನೊಡನೆ ಅದರಲ್ಲಿ ಕರಗಿದ ಲವಣಗಳೂ ಮೇಲೇರುತ್ತವೆ. ನೀರು ಆವಿಯಾದಾಗ ಲವಣ ಹರಳುಗಟ್ಟಿ ಗೋಡೆಯಲ್ಲೇ ಉಳಿಯುತ್ತದೆ. ಗೋಡೆಗೆ ಉಪ್ಪು ಹಿಡಿಯುವುದು ಎಂದರೆ ಇದೇ. ಆವಿಯನ್ನು ಸುಲಭವಾಗಿ ಹೊರಗೆ ಬಿಡದ ಬಣ್ಣವನ್ನು ಇಂಥ ಗೋಡೆಗೆ ಬಳಿದರೆ ಹರಳುಗಳು ಬಣ್ಣದ ಹಿಂದೆ ಬೆಳೆದು, ಗಾರೆಯನ್ನೂ ಸಡಿಲಿಸುತ್ತವೆ.

ಆದ್ದರಿಂದ ಮೊದಲ ಕೆಲಸ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು. ಒಡೆದ ಕೊಳವೆ, ಸೋರುವ ತಾರಸಿ, ಗೋಡೆಗೆ ಒತ್ತರಿಸಿದ ಮಣ್ಣು ಇದ್ದರೆ ಸರಿಪಡಿಸಬೇಕು. ಉಪ್ಪನ್ನು ತೊಳೆಯಬಾರದು, ತೊಳೆದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಪುಡಿಯನ್ನು ಗುಡಿಸಿ ತೆಗೆಯಬೇಕು. ಪಾಚಿಗೆ ಬ್ಲೀಚಿಂಗ್ ಪೌಡರ್ ಕರಗಿಸಿದ ನೀರು ಹಚ್ಚಿ, ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಬೇಕು. ಇದು ಕೈಗವಸು ಹಾಕಿಕೊಂಡು ದೊಡ್ಡವರೇ ಮಾಡಬೇಕಾದ ಕೆಲಸ. ಅದಕ್ಕೆ ಆಸಿಡ್ ಬೆರೆಸಿದರೆ ವಿಷಾನಿಲ ಏಳುತ್ತದೆ. ಅಂಗೈಯಿಂದ ಸವರಿದಾಗ ಬಿಳಿ ಪುಡಿ ಅಂಟಿದರೆ ಹಳೆಯ ಸುಣ್ಣವನ್ನು ಕೆರೆದು ತೆಗೆಯದೆ ಬಣ್ಣ ನಿಲ್ಲದು. ಹೊಸ ಸಿಮೆಂಟ್ ಗಾರೆಯಲ್ಲಿ ಕ್ಷಾರ ಹೆಚ್ಚು; ಅದಕ್ಕೆ ಸುಮಾರು 28 ದಿನಗಳಾದರೂ ಬಿಡುವು ಬೇಕು.

ಗೋಡೆ ಒಣಗಿದೆಯೇ ಎಂದು ತಿಳಿಯಲು ಸುಲಭದ ಉಪಾಯವೊಂದಿದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ದಿನ ಬಿಡಬೇಕು. ಒಳಗೆ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು.

ಸುಣ್ಣದ ನಿಯಮ ಮಾತ್ರ ಬೇರೆ. ಸುಣ್ಣ ಬಳಿಯುವವರು ಮೊದಲು ಗೋಡೆಗೆ ನೀರು ಚಿಮುಕಿಸುತ್ತಾರೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗಲು ತೇವ ಬೇಕು. ಒಣ ಗೋಡೆ ನೀರನ್ನೆಲ್ಲ ಹೀರಿಕೊಂಡರೆ ಸುಣ್ಣ ಪುಡಿಯಾಗಿಯೇ ಉಳಿಯುತ್ತದೆ. ಯಾವ ಲೇಪಕ್ಕೆ ಎಂಥ ಗೋಡೆ ಎಂಬುದು ಅಜ್ಜಂದಿರಿಗೆ ರಸಾಯನಶಾಸ್ತ್ರ ಓದದೆಯೂ ತಿಳಿದಿತ್ತು.

ಮನೆಯ ಗೋಡೆ ಕೆಟ್ಟರೆ ಮುಂದಿನ ವರ್ಷ ಮತ್ತೆ ಗಾರೆ ಮಾಡಿಸಬಹುದು. ಕೆತ್ತನೆಯ ಕಲ್ಲಿಗೆ ಎರಡನೆಯ ಅವಕಾಶವಿಲ್ಲ. 9ನೇ ಶತಮಾನದಿಂದ ವಿಜಯನಗರದ ಕಾಲದವರೆಗೆ ಬೆಳೆದ ನಂದಿಯ ದೇಗುಲ ಇಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿನ ಕಲ್ಯಾಣ ಮಂಟಪದಂಥ ಸೂಕ್ಷ್ಮ ಕೆಲಸಕ್ಕೆ ತಂತಿ ಬ್ರಷ್ ಆಗಲಿ, ಆಸಿಡ್ ಆಗಲಿ ತಗುಲಬಾರದು. ಸ್ಮಾರಕಗಳಲ್ಲಿ ತಜ್ಞರು ಮೃದುವಾದ ಬ್ರಷ್‌ಗಳಿಂದ ಪಾಚಿ, ಕಲ್ಲುಹೂ ತೆಗೆದು, ಕಲ್ಲು ಒಣಗಿದ ಮೇಲೆಯೇ ರಕ್ಷಣಾ ಲೇಪದ ಯೋಚನೆ ಮಾಡುತ್ತಾರೆ. ಒಳಗೆ ಲವಣ ಉಳಿದಿದ್ದರೆ ನೀರು ತಡೆಯುವ ಲೇಪವೇ ಕಲ್ಲಿನ ಪದರು ಏಳಲು ಕಾರಣವಾದೀತು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಉಪ್ಪುನೀರಿನ ತಟ್ಟೆಯಲ್ಲಿ ಒಂದು ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೆಲವು ದಿನ ಬಿಟ್ಟರೆ, ನೀರಿನ ಮಟ್ಟಕ್ಕಿಂತ ಮೇಲೆ ಬಿಳಿ ಹರಳು ಮೂಡುತ್ತದೆ. ಅದನ್ನು ಕಂಡ ಮಕ್ಕಳೇ ಮುಂದಿನ ಸಲ ಬಣ್ಣದವರು ಬಂದಾಗ, “ಗೋಡೆ ಒಣಗಿದೆಯೇ?” ಎಂದು ಮೊದಲು ಕೇಳುವವರಾಗುತ್ತಾರೆ.