ಮೂಗು ಭಾರ, ಬಾಲ ಹಗುರ

ವಾರ್ಷಿಕ ಪರೀಕ್ಷೆ ಮುಗಿದು ರಜೆ ಶುರುವಾಯಿತೆಂದರೆ ಪುಣೆಯ ನಮ್ಮ ಸೊಸೈಟಿಯ ಗೇಟಿನಲ್ಲಿ ಕೊರಿಯರ್ ಹುಡುಗರ ಓಡಾಟ ಜಾಸ್ತಿಯಾಗುತ್ತದೆ. ಕ್ರಿಕೆಟ್ ಬ್ಯಾಟು, ಸೈಕಲ್ಲು, ಕೀಬೋರ್ಡುಗಳ ನಡುವೆ ಈಚೆಗೆ ಉದ್ದನೆಯ, ಹಗುರವಾದ ಪೆಟ್ಟಿಗೆಗಳೂ ಬರತೊಡಗಿವೆ. ಒಳಗಿರುವುದು ರಿಮೋಟ್‌ನಿಂದ ಹಾರಿಸುವ ಮಾಡೆಲ್ ವಿಮಾನ. ಮುಂಬಯಿ, ಹೈದರಾಬಾದು, ಚೆನ್ನೈಗಳಲ್ಲಿರುವ ಓದುಗರ ಮನೆಗಳಿಗೂ ಇಂಥ ಪೆಟ್ಟಿಗೆ ಬಂದಿರಬಹುದು, ಇಲ್ಲವೇ ಬರುವ ದಾರಿಯಲ್ಲಿರಬಹುದು. ಹಾಗಾಗಿ ಈ ತಿಂಗಳು ಆ ಪೆಟ್ಟಿಗೆ ತೆರೆದಾಗಿನಿಂದ ವಿಮಾನ ನೆಲ ಬಿಡುವ ತನಕದ ಕೆಲಸದ ಬಗ್ಗೆ ಬರೆಯುತ್ತೇನೆ. ಧಾರವಾಡದ ಕಾಲೇಜು ದಿನಗಳಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿ ಬಾಲ್ಸಾ ಕಟ್ಟಿಗೆ ಕೆತ್ತಿ ಗ್ಲೈಡರ್ ಮಾಡುತ್ತಿದ್ದೆ. ಆ ಹುಚ್ಚು ಇನ್ನೂ ಬಿಟ್ಟಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಆಟಿಕೆ ಅಲ್ಲ. ಒಂದೂ ಕಾಲು ಕಿಲೋ ತೂಕದ ವಿಮಾನದ ಮೂಗಿನಲ್ಲಿ ತಿರುಗುವ ಪ್ರೊಪೆಲ್ಲರ್ ಬೆರಳನ್ನು ಸೀಳಬಲ್ಲದು. ಆದ್ದರಿಂದ ಮನೆಯೊಳಗೆ ಜೋಡಣೆ ನಡೆಯುವಾಗ ಪ್ರೊಪೆಲ್ಲರ್ ಮೇಜಿನ ಡ್ರಾಯರಿನಲ್ಲಿರಲಿ. ಮೋಟರಿಗೆ ಅದನ್ನು ಹಾಕುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಇನ್ನು ಮೇಲೆ ಬರೆಯುವುದೆಲ್ಲ ಈ ನಿಯಮ ಪಾಲಿಸಿದವರಿಗೆ ಮಾತ್ರ.

ಕಲಿಯುವವರಿಗೆ ಒಳ್ಳೆಯದು ರೆಕ್ಕೆ ಮೇಲಿರುವ ‘ಟ್ರೇನರ್’ ವಿಮಾನ. ರೆಕ್ಕೆ ಮೇಲೆ, ಹೊಟ್ಟೆ ಕೆಳಗೆ ಇರುವುದರಿಂದ ಅದು ಓಲಾಡಿದರೂ ತಾನಾಗಿಯೇ ಸರಿಹೋಗುವ ಸ್ವಭಾವದ್ದು. ಫೋಮಿನ ದೇಹ, ಸುಮಾರು 1.4 ಮೀಟರ್ ರೆಕ್ಕೆ, ಮೂಗಿನಲ್ಲಿ ಮೋಟರು, ಹೊಟ್ಟೆಯಲ್ಲಿ ಬ್ಯಾಟರಿ. ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗಳು ಏಲಿರಾನ್, ಬಾಲದಲ್ಲಿ ಅಡ್ಡಕ್ಕಿರುವುದು ಎಲಿವೇಟರ್, ನಿಂತಿರುವುದು ರಡ್ಡರ್. ಇವನ್ನೆಲ್ಲ ಎಳೆದು ತಳ್ಳುವ ಪುಟ್ಟ ಮೋಟರುಗಳೇ ಸರ್ವೋ. ಒಳ್ಳೆಯ ಕಿಟ್ ಆದರೆ ಒಂದು ಸಂಜೆಯಲ್ಲಿ ಜೋಡಣೆ ಮುಗಿಯುತ್ತದೆ. ಎಲ್ಲರೂ ಅವಸರ ಮಾಡುವುದು ಅದರ ನಂತರವೇ.

ನಮ್ಮ ಮೇಲಿನ ಮಹಡಿಯಲ್ಲಿ ಗದಗಿನ ಕಡೆಯ ಕುಟುಂಬವೊಂದಿದೆ. ಒಂಬತ್ತನೆಯ ತರಗತಿ ಮುಗಿಸಿದ ಅವರ ಹುಡುಗ ಎರಡು ವರ್ಷ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಬಂದ ದುಡ್ಡೆಲ್ಲ ಕೂಡಿಟ್ಟು ಇಂಥದೊಂದು ವಿಮಾನ ತರಿಸಿದ. ಜೂನ್‌ನಿಂದ ಹತ್ತನೆಯ ತರಗತಿ. ಅವರಪ್ಪ ಒಂದು ಷರತ್ತು ಹಾಕಿದ್ದರು: “ಒಂದ್ ಸಲ ಬಿದ್ದು ಮುರೀತಂದ್ರ ಅಟ್ಟ ಸೇರತೈತಿ. ಬೋರ್ಡ್ ಪರೀಕ್ಷಾ ಮುಗಿಯೂತನಕ ಕೆಳಗಿಳಿಯಂಗಿಲ್ಲ.” ಹುಡುಗ ಒಪ್ಪಿಕೊಂಡಿದ್ದ. ಅವನ ಪಾಲಿಗೆ ಮೊದಲ ಹಾರಾಟವೇ ಎಲ್ಲ.

ಪೆಟ್ಟಿಗೆ ಬಂದಾಗಲೇ ಬಾಲದ ರೆಕ್ಕೆಗಳು ಮುರಿದಿದ್ದವು. ಬದಲಿಗೆ ಕಾಯಲು ಹುಡುಗನಿಗೆ ತಾಳ್ಮೆ ಇರಲಿಲ್ಲ. ಅಂಗಡಿಗಳ ಜಾಹೀರಾತು ಫಲಕಕ್ಕೆ ಬಳಸುವ ಪ್ಲಾಸ್ಟಿಕ್ ಹಾಳೆ ತಂದು, ಮುರಿದ ತುಂಡುಗಳನ್ನು ಅಚ್ಚಾಗಿಟ್ಟು ಹೊಸ ಬಾಲ ಕತ್ತರಿಸಿ, ಅಂಟಿಸಿ, ಮೇಲೆ ಬಣ್ಣದ ಟೇಪು ಸುತ್ತಿದ್ದ. ಕೆಲಸ ಅಚ್ಚುಕಟ್ಟಾಗಿತ್ತು. “ಕಾಕಾ, ಉದ್ಯಾ ಉಡವೂಯಾ?” ಎಂದು ಮರಾಠಿಯಲ್ಲಿ ಕೇಳಿದ. ನಾಳೆ ಹಾರಿಸೋಣವೇ ಎಂದು. ಅವನ ಕನ್ನಡ ಹಾಗೇ, ಎರಡು ವಾಕ್ಯ ದಾಟಿದರೆ ಮರಾಠಿಗೆ ಜಾರುತ್ತದೆ. ನಾನು ಹೇಳಿದೆ, “ತಮ್ಮಾ, ಮೊದಲು ತೂಗೋಣ.”

ತೂಗುವುದೆಂದರೆ ಬರೀ ಎಷ್ಟು ಗ್ರಾಂ ಇದೆ ಎಂದು ನೋಡುವುದಲ್ಲ. ಇಡೀ ವಿಮಾನದ ತೂಕ ಯಾವ ಜಾಗದಲ್ಲಿ ಸಮನಾಗಿ ನಿಲ್ಲುತ್ತದೆ ಎಂಬುದೇ ಮುಖ್ಯ. ಹವ್ಯಾಸಿಗಳು ಇದನ್ನು ‘ಸಿ.ಜಿ.’ ಎನ್ನುತ್ತಾರೆ, ಶಾಲೆಯಲ್ಲಿ ನಾವು ಓದಿದ ಗುರುತ್ವ ಕೇಂದ್ರ. ಸಾಮಾನ್ಯ ಟ್ರೇನರಿಗೆ ಅದು ರೆಕ್ಕೆಯ ಮುಂದಿನ ಅಂಚಿನಿಂದ ರೆಕ್ಕೆಯ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರುತ್ತದೆ. ನಿಮ್ಮ ವಿಮಾನದ ಕೈಪಿಡಿಯಲ್ಲಿ ಇಷ್ಟೇ ಮಿಲಿಮೀಟರ್ ಎಂದು ಬರೆದಿರುತ್ತಾರೆ, ಮೊದಲ ಹಾರಾಟಕ್ಕೆ ಅದೇ ಪ್ರಮಾಣ.

ಬ್ಯಾಡ್ಮಿಂಟನ್ನಿನ ಶಟಲ್ ಕಾಕ್ ನೆನಪಿಸಿಕೊಳ್ಳಿ. ಹೇಗೆ ಹೊಡೆದರೂ ಭಾರವಾದ ಬಿರಡೆ ಮುಂದೆ, ಹಗುರವಾದ ಗರಿ ಹಿಂದೆ. ಬಾಣದ ಕತೆಯೂ ಅದೇ. ವಿಮಾನಕ್ಕೆ ಗಾಳಿಯ ಹೊಡೆತ ಬಿದ್ದು ಮೂಗು ಮೇಲೆದ್ದಾಗ, ತೂಕ ಸರಿಯಾಗಿ ಮುಂದಿದ್ದರೆ ರೆಕ್ಕೆ ಮತ್ತು ಬಾಲ ಸೇರಿ ಮೂಗನ್ನು ಮತ್ತೆ ಕೆಳಗಿಳಿಸುತ್ತವೆ. ತೂಕ ತೀರ ಹಿಂದೆ ಹೋದರೆ ಎದ್ದ ಮೂಗು ಇನ್ನೂ ಏಳುತ್ತದೆ, ವೇಗ ಸಾಯುತ್ತದೆ, ರೆಕ್ಕೆ ಗಾಳಿಯ ಹಿಡಿತ ಬಿಡುತ್ತದೆ. ಹೊಸಬರ ಬೆರಳು ಅಷ್ಟು ಚುರುಕಾಗಿ ಓಡುವುದಿಲ್ಲ. ಮೂಗು ಭಾರವಾದ ವಿಮಾನ ಸರಿಯಾಗಿ ಹಾರುವುದಿಲ್ಲ, ಬಾಲ ಭಾರವಾದದ್ದು ಒಂದೇ ಸಲ ಹಾರುತ್ತದೆ ಎಂಬ ಮಾತು ಮೈದಾನದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಪರೀಕ್ಷೆ ಸುಲಭ. ಬ್ಯಾಟರಿ ಸಮೇತ, ಹಾರುವಾಗ ಏನೇನು ಇರುತ್ತದೋ ಎಲ್ಲವನ್ನೂ ಹಾಕಿ. ಪ್ರೊಪೆಲ್ಲರೂ ಬೇಕು, ಆದರೆ ಬ್ಯಾಟರಿಯ ತಂತಿ ಜೋಡಿಸಬಾರದು. ರೆಕ್ಕೆಯ ತಳದಲ್ಲಿ ಎರಡೂ ಬದಿ ಕೈಪಿಡಿ ಹೇಳಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಎರಡು ತೋರುಬೆರಳನ್ನು ಆ ಗುರುತಿನ ಕೆಳಗಿಟ್ಟು ನಿಧಾನವಾಗಿ ಎತ್ತಿ. ವಿಮಾನ ಸಮನಾಗಿ ಇಲ್ಲವೇ ಮೂಗು ಸ್ವಲ್ಪವೇ ಬಾಗಿ ನಿಂತರೆ ಸರಿ. ರೆಕ್ಕೆ ಕೆಳಗಿರುವ ವಿಮಾನವಾದರೆ ಮಗುಚಿ ಹಿಡಿದು ನೋಡಬೇಕು.

ಹುಡುಗನ ವಿಮಾನದಲ್ಲಿ ಗುರುತು 60 ಮಿಲಿಮೀಟರಿಗೆ. ಎತ್ತಿದ ಕೂಡಲೆ ಬಾಲ ಧಡಕ್ಕನೆ ಕೆಳಗೆ ಬಂತು. ಬೆರಳು ಹಿಂದೆ ಸರಿಸುತ್ತ ಹೋದರೆ 72ಕ್ಕೆ ಸಮನಾಯಿತು. 12 ಮಿಲಿಮೀಟರ್ ವ್ಯತ್ಯಾಸ. ಕೇಳಲು ಅದೆಷ್ಟು, ಒಂದು ಬೆರಳಿನ ಅಗಲವೂ ಇಲ್ಲ. ಆದರೆ ಆ ರೆಕ್ಕೆಯ ಅಗಲ 200 ಮಿಲಿಮೀಟರ್. 30 ಪ್ರತಿಶತದಲ್ಲಿರಬೇಕಾದ ತೂಕ 36ಕ್ಕೆ ಹೋಗಿತ್ತು.

ಇಲ್ಲಿ ಏಳನೆಯ ತರಗತಿಯ ಸನ್ನೆಗೋಲಿನ ಲೆಕ್ಕ ಸಾಕು. ವಿಮಾನದ ತೂಕ 1200 ಗ್ರಾಂ. 1200ನ್ನು 12ರಿಂದ ಗುಣಿಸಿದರೆ 14,400. ಇಷ್ಟನ್ನು ಮುಂದೆ ತರಬೇಕು. ಬ್ಯಾಟರಿ 180 ಗ್ರಾಂ, ಗೂಡಿನಲ್ಲಿ 50 ಮಿಲಿಮೀಟರ್ ಮುಂದೆ ಸರಿಸಲು ಜಾಗವಿತ್ತು. ಅದರಿಂದ 9,000 ಬಂತು. ಉಳಿದ 5,400ಕ್ಕೆ ಮೂಗಿನಲ್ಲಿ ತೂಕ ಕಟ್ಟಬೇಕು. ಗುರುತಿನಿಂದ ಮೂಗಿಗೆ 240 ಮಿಲಿಮೀಟರ್, ಅಂದರೆ ಇಪ್ಪತ್ತೆರಡೂವರೆ ಗ್ರಾಂ. ಟೈರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸಿಂಗ್‌ಗೆ ಅಂಟಿಸುವ 5 ಗ್ರಾಮಿನ ತುಂಡುಗಳು ಐದು ತಂದರೆ ಕೆಲಸ ಮುಗಿಯಿತು. ಹುಡುಗ ಆಗಲೇ ಚಪ್ಪಲಿ ಮೆಟ್ಟಿದ್ದ.

ಸೋಫಾದ ಮೇಲೆ ಅವನ ಅಜ್ಜ ಕೂತಿದ್ದರು. ಗದಗಿನಲ್ಲಿ ದಲಾಲಿ ಅಂಗಡಿ ನಡೆಸಿದವರು, ಅಜ್ಜಿ ತೀರಿಕೊಂಡ ಮೇಲೆ ಮಗನ ಮನೆಗೆ ಬಂದವರು. ಹೊರಗೆ ಮಾತಾಡಲು ಮರಾಠಿ ಬಾರದು, ಒಳಗೆ ಮಾತಾಡಲು ಯಾರಿಗೂ ಪುರಸೊತ್ತಿಲ್ಲ. ಅಷ್ಟೂ ಹೊತ್ತು ಸುಮ್ಮನೆ ನೋಡುತ್ತಿದ್ದವರು ಕೇಳಿದರು: “ಬಾಲಕ್ಕ ಹೆಚ್ಚಾಗೈತಿ ಅಂದ್ರ ಬಾಲದ್ದ ತಗೀಬೇಕಲ್ರಿ? ಮೂಗಿಗ್ಯಾಕ ಕಲ್ಲ ಕಟ್ಟತೀರಿ? ಹಗುರ ಆಗೂ ಕಡೆ ಮೊದ್ಲ ಹಗುರ ಮಾಡ್ರಿ. ಭಾರ ಹಾಕೂದು ಆಮ್ಯಾಗ.”

ಜೀವನವಿಡೀ ತಕ್ಕಡಿ ಹಿಡಿದವರ ಮಾತು. ಲೆಕ್ಕವೂ ಅವರ ಪರವಾಗಿಯೇ ಇತ್ತು. ಗುರುತಿನಿಂದ ಬಾಲಕ್ಕೆ 600 ಮಿಲಿಮೀಟರ್, ಮೂಗಿಗೆ 240. ಬಾಲದಲ್ಲಿ ಕೂತ ಒಂದು ಗ್ರಾಮಿಗೆ ಮೂಗಿನಲ್ಲಿ ಎರಡೂವರೆ ಗ್ರಾಂ ದಂಡ ತೆರಬೇಕು. ತೂಕ ಕಟ್ಟಿದರೂ ವಿಮಾನ ಹಾರುತ್ತದೆ, ಅದರಲ್ಲಿ ಅಪಾಯವಿಲ್ಲ. ಆದರೆ ಭಾರ ಹೆಚ್ಚಿದಷ್ಟೂ ಇಳಿಯುವಾಗ ವೇಗ ಹೆಚ್ಚು ಬೇಕು, ಮೊದಲ ದಿನ ಅದೇ ಕಷ್ಟ.

ಹುಡುಗನ ಮುಖ ಬಾಡಿತು. ಬಾಲ ಮತ್ತೆ ಮಾಡಬೇಕೆಂದರೆ ಒಂದು ವಾರ ಹೋಯಿತು, ರಜೆಯಲ್ಲಿ ಉಳಿದದ್ದೇ ಮೂರು ಭಾನುವಾರ. ತೀರ್ಮಾನ ಅವನಿಗೇ ಬಿಟ್ಟೆವು. ಸ್ವಲ್ಪ ಹೊತ್ತು ಕೂತು ಚಪ್ಪಲಿ ಬಿಚ್ಚಿದ.

ಆ ವಾರ ಅಜ್ಜ ಮೊಮ್ಮಗ ಇಬ್ಬರೂ ತೆಳು ಫೋಮ್ ಹಾಳೆಯಲ್ಲಿ ಬಾಲ ಕೊರೆದರು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಅವರ ಕೋಣೆಗೆ ವರ್ಗವಾಯಿತು. ಅಂಟು ಎಷ್ಟು, ಟೇಪು ಎಷ್ಟು, ಎಲ್ಲದರ ಲೆಕ್ಕ ಅಜ್ಜನ ಹಳೆಯ ಪದ್ಧತಿಯ ವಹಿಯಲ್ಲಿ, ಕನ್ನಡ ಅಂಕಿಯಲ್ಲಿ. ಹುಡುಗ ಅದನ್ನು ಓದಲು ಕಲಿತ. ಹೊಸ ಬಾಲ ಹಳೆಯದಕ್ಕಿಂತ 12 ಗ್ರಾಂ ಹಗುರ. 12ನ್ನು 600ರಿಂದ ಗುಣಿಸಿದರೆ 7,200. ಬೇಕಾದ್ದರಲ್ಲಿ ಅರ್ಧ ಅಲ್ಲೇ ಸಿಕ್ಕಿತು. ಬ್ಯಾಟರಿಯನ್ನು 40 ಮಿಲಿಮೀಟರ್ ಮುಂದಿಟ್ಟಾಗ ಉಳಿದರ್ಧ. ಟೈರ್ ಅಂಗಡಿಗೆ ಹೋಗುವುದೇ ಬೇಕಾಗಲಿಲ್ಲ. ಬ್ಯಾಟರಿ ಕೂರುವ ಜಾಗಕ್ಕೆ ಒಂದು ಗೆರೆ ಎಳೆದು, ಅಲುಗಾಡದಂತೆ ಪಟ್ಟಿ ಬಿಗಿದರು. ಗಾಳಿಯಲ್ಲಿ ಬ್ಯಾಟರಿ ಹಿಂದೆ ಜಾರಿದರೆ ಇಷ್ಟೂ ಲೆಕ್ಕ ವ್ಯರ್ಥ.

ಉದ್ದದ ತೂಕ ಮುಗಿದ ಮೇಲೆ ಅಡ್ಡದ ತೂಕ. ಒಬ್ಬರು ಮೂಗಿನ ತುದಿ, ಇನ್ನೊಬ್ಬರು ಬಾಲದ ತುದಿ ಹಿಡಿದು ಎತ್ತಿ. ಪ್ರತಿ ಸಲವೂ ಒಂದೇ ರೆಕ್ಕೆ ಕೆಳಗೆ ಬಂದರೆ ಎದುರು ರೆಕ್ಕೆಯ ತುದಿಗೆ ಚಿಕ್ಕ ನಾಣ್ಯವೊಂದನ್ನು ಅಂಟಿಸಿದರೆ ಸಾಕು. ಪ್ರೊಪೆಲ್ಲರಿನ ತೂತಿಗೆ ನುಣುಪಾದ ಕಡ್ಡಿ ತೂರಿಸಿ ಅಡ್ಡಕ್ಕೆ ಹಿಡಿಯಿರಿ. ಒಂದು ಅಲಗು ಯಾವಾಗಲೂ ಕೆಳಗಿಳಿದರೆ ಹಗುರವಾದ ಅಲಗಿನ ಹಿಂಬದಿಗೆ ಸಣ್ಣ ಟೇಪಿನ ಚೂರು ಹಾಕಿ. ಇಲ್ಲದಿದ್ದರೆ ನಡುಕ ಹುಟ್ಟಿ ಸ್ಕ್ರೂಗಳು ಸಡಿಲವಾಗುತ್ತವೆ.

ಆಮೇಲೆ ದಿಕ್ಕಿನ ಪರೀಕ್ಷೆ, ಇದಕ್ಕೆ ಪ್ರೊಪೆಲ್ಲರ್ ಮತ್ತೆ ಡ್ರಾಯರಿಗೆ. ಮೊದಲು ಟ್ರಾನ್ಸ್‌ಮಿಟರ್ ಆನ್, ನಂತರ ವಿಮಾನದ ಬ್ಯಾಟರಿ. ಆಫ್ ಮಾಡುವಾಗ ತಿರುಗಾಮುರುಗಾ. ವಿಮಾನದ ಹಿಂದೆ ನಿಲ್ಲಿ. ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಬಲ ಏಲಿರಾನ್ ಮೇಲೇಳಬೇಕು, ಎಡದ್ದು ಇಳಿಯಬೇಕು. ನಿಮ್ಮ ಕಡೆಗೆ ಎಳೆದರೆ ಎಲಿವೇಟರ್ ಮೇಲೆ. ರಡ್ಡರ್ ಬಲಕ್ಕೆಂದರೆ ಬಲಕ್ಕೆ. ಬಾಯಲ್ಲಿ ಹೇಳಿಕೊಂಡೇ ನೋಡಿ, ಏಲಿರಾನ್ ಉಲ್ಟಾ ಇದ್ದರೆ ನೆಲ ಬಿಟ್ಟ ಮೂರನೇ ಸೆಕೆಂಡಿಗೆ ಆಟ ಮುಗಿಯುತ್ತದೆ. ಕೊನೆಗೆ ಟ್ರಾನ್ಸ್‌ಮಿಟರ್ ಬಂದ್ ಮಾಡಿ, ಮೋಟರ್ ತಾನಾಗಿ ನಿಲ್ಲುತ್ತದೆಯೇ ನೋಡಿ.

ಇಷ್ಟೆಲ್ಲ ಉಪದ್ವ್ಯಾಪ ಯಾಕೆ ಎನ್ನುವವರಿಗೆ ನಮ್ಮ ಬೆಂಗಳೂರಿನದೇ ಉದಾಹರಣೆ ಕೊಡಬಹುದು. ಅಲ್ಲಿ ವಿಮಾನ ಕಾರ್ಖಾನೆ ಬಂದದ್ದು 1940ರಲ್ಲಿ, ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಕೈಜೋಡಿಸಿದ್ದರಿಂದ. ಅದೇ ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲ ಸಲ ಹಾರಿತು. ಅದಕ್ಕೂ ಮುಂಚೆ, 1959ರಲ್ಲೇ, ಅದೇ ಆಕಾರ ಅಳತೆಯ ಕಟ್ಟಿಗೆಯ ಗ್ಲೈಡರ್ ಮಾಡಿ, ಇನ್ನೊಂದು ವಿಮಾನದಿಂದ ಎಳೆಸಿ ಹಾರಿಸಿ ನೋಡಿದ್ದರು. ದೊಡ್ಡವರೇ ಇಷ್ಟು ಕಾಯುತ್ತಾರೆಂದ ಮೇಲೆ ನಮ್ಮ ಒಂದು ವಾರ ಯಾವ ಲೆಕ್ಕ!

ಇನ್ನು ಜಾಗ. ಇಂಥ ವಿಮಾನಗಳೂ 2021ರ ಡ್ರೋನ್ ನಿಯಮಗಳ ಅಡಿಯಲ್ಲೇ ಬರುತ್ತವೆ. ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳಿವೆ. ಲೋಹಗಾಂವ್ ವಾಯುನೆಲೆ ಇರುವ ಪುಣೆಯಂಥ ಊರಲ್ಲಿ ಅದನ್ನು ನೋಡದೆ ಮನೆ ಬಿಡಬೇಡಿ. ಸೊಸೈಟಿಯ ಟೆರೇಸು, ಮಕ್ಕಳು ಆಡುವ ಮೈದಾನ ಎರಡೂ ಬೇಡ. ಹಾರಿಸಿ ಪಳಗಿದವರೊಬ್ಬರು ಪಕ್ಕದಲ್ಲಿರಲಿ.

ನಾವು ಹೋದದ್ದು ಮುಂದಿನ ಭಾನುವಾರ, ಗಾಳಿ ಏಳುವ ಮೊದಲೇ, ಹಸಿರು ವಲಯದ ಬಯಲಿಗೆ. ಅಪ್ಪನೂ ಬಂದಿದ್ದರು. ಗಾಳಿಗೆ ಎದುರಾಗಿ ಬಿಟ್ಟ ವಿಮಾನ ಮೂಗು ಎಗರಿಸದೆ ಏರಿತು. ಎಲಿವೇಟರಿಗೆ ಎರಡು ಕ್ಲಿಕ್ ಟ್ರಿಮ್ ಬೇಕಾಯಿತು, ಅಷ್ಟೇ. ಎತ್ತರಕ್ಕೆ ಹೋದ ಮೇಲೆ ಮೂಗನ್ನು ಸ್ವಲ್ಪ ಕೆಳಗೆ ಮಾಡಿ ಕಡ್ಡಿಯಿಂದ ಬೆರಳು ತೆಗೆಯಲು ಹೇಳಿದೆ. ತೂಕ ಹಿಂದಿದ್ದರೆ ವಿಮಾನ ಇನ್ನೂ ಕೆಳಗೆ ಬಾಗುತ್ತದೆ, ತೀರ ಮುಂದಿದ್ದರೆ ಥಟ್ಟನೆ ಮೇಲೇಳುತ್ತದೆ. ಇದು ನಿಧಾನವಾಗಿ, ತಾನಾಗಿ ಸಮನಾಯಿತು. ನಾಲ್ಕು ನಿಮಿಷಕ್ಕೆ ಇಳಿಸಿದೆವು. ಹುಲ್ಲಿಗೆ ತಾಗಿ ಪ್ರೊಪೆಲ್ಲರಿನ ಒಂದು ತುದಿ ಮುಕ್ಕಾಯಿತು. ಇದು ಮುರಿದ ಲೆಕ್ಕವೋ ಅಲ್ಲವೋ ಎಂದು ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಅಜ್ಜನ ಮುಖ ನೋಡಿದರು. “ಅದು ಸವಕಳಿ,” ಎಂದರು ಅಜ್ಜ. ವಹಿಯಲ್ಲೂ ಹಾಗೇ ಬರೆದರಂತೆ.

ನಿಮ್ಮ ಮನೆಯ ಪೆಟ್ಟಿಗೆ ತೆರೆದಾಗ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ತೂಕ, ಸಮ, ಹಗುರ, ಭಾರ ಎಂಬ ಮಾತುಗಳು ಅವರ ಬಾಯಲ್ಲಿ ಬೇಕಾದಷ್ಟಿವೆ, ಮಕ್ಕಳ ಕಿವಿಗೆ ಬೀಳಲಿ. ಲಿಪೋ ಬ್ಯಾಟರಿಯನ್ನು ಚಾರ್ಜ್ ಮಾಡುವಾಗ ಯಾಕೆ ಪಕ್ಕದಲ್ಲೇ ಕೂತಿರಬೇಕು ಎಂಬುದನ್ನು ಮುಂದಿನ ತಿಂಗಳು ನೋಡೋಣ.