ಕಿರಿಯನ ಎಚ್ಚರಿಕೆ

ನಾನು ವಿಮಾನ ಹತ್ತಿದವನಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿಯೂ ನಾನೇ ಮೊದಲಿಗ. ಆದರೂ ವಿಮಾನದ ವಿಷಯವಾಗಿ ಒಂದು ಮಾತನ್ನು ವಾಚಕರ ಮುಂದಿಡಬಯಸುತ್ತೇನೆ.

2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ಮೀರಿ ಕಮರಿಗುರುಳಿ 158 ಮಂದಿ ಮಡಿದರು. ಬದುಕಿದವರು 8 ಮಂದಿ ಮಾತ್ರ. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಸಹವೈಮಾನಿಕರು ಮೂರು ಬಾರಿ ಎಚ್ಚರಿಸಿದ್ದರೂ ಹಿರಿಯ ವೈಮಾನಿಕರು ಇಳಿಸಿಯೇ ಬಿಟ್ಟರೆಂದು ತನಿಖಾ ವರದಿಯು ಹೇಳಿತು. ಯಂತ್ರವು ಕೆಟ್ಟಿರಲಿಲ್ಲ.

ಅಮೆರಿಕದಲ್ಲಿ 1976ರಿಂದ ನಾಸಾ ಸಂಸ್ಥೆಯು, ವಿಮಾನ ಸಿಬ್ಬಂದಿ ತಾವಾಗಿ ತಿಳಿಸುವ ತಪ್ಪುಗಳನ್ನು ಹೆಸರು ಮರೆಸಿ ಸಂಗ್ರಹಿಸುತ್ತಿದೆ. ಇದು ಯೋಗ್ಯವಾದ ಕ್ರಮ. ಬೇಕೆಂದೇ ನಿಯಮ ಮುರಿದವನಿಗೆ ಶಿಕ್ಷೆಯಾಗಲಿ. ಆದರೆ ಕೈತಪ್ಪನ್ನು ಒಪ್ಪಿಕೊಂಡವನನ್ನು ದಂಡಿಸಿದರೆ ಮುಂದಿನವನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ತಪ್ಪಿನಿಂದ ಯಾರೂ ಪಾಠ ಕಲಿಯಲಾರರು.

ಹಿರಿಯರಿಗೆ ಎದುರಾಡಬಾರದೆಂದು ಅಪ್ಪ ನನಗೆ ಕಲಿಸಿದರು. ಆ ಗೌರವವನ್ನು ನಾನು ಬಿಡಲಾರೆ. ಆದರೆ ಎಚ್ಚರಿಸುವುದು ಎದುರಾಟವಲ್ಲ. ವಿಮಾನ ಸಂಸ್ಥೆಯಾಗಲಿ, ನಮ್ಮ ತರಗತಿಯಾಗಲಿ, ಕಿರಿಯನು ಅಂಜದೆ ಹೇಳಬೇಕು, ಹಿರಿಯನು ಮುನಿಯದೆ ಕೇಳಬೇಕು. ಸುರಕ್ಷತೆ ಮೊದಲಾಗುವುದು ಅಲ್ಲಿಯೇ ಎಂಬುದು ನನ್ನ ನಮ್ರ ಅಭಿಪ್ರಾಯ.